ಇಡೀ ದೇಶದ ಒಲೆ ಕಾಯುವ ಕೋಣೆ

ಹುನಗುಂದ

ಇಂಗ್ಲೆಂಡಿಗೆ ಹೋಗಿಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ರಾಣಿಯ ಅರಮನೆ ನೋಡಿದಿರಾ ಎಂದು. ನೋಡಲಿಲ್ಲ. ಲಂಡನ್ನಿನ ಸೇತುವೆಯೊಂದರ ಮೇಲೆ ನಡೆದದ್ದು ನಿಜ, ಆದರೆ ಗಾಳಿಗೆ ಇಳಕಲ್ ಸೀರೆಯ ಸೆರಗು ಮುಖಕ್ಕೆ ಸುತ್ತಿಕೊಂಡು ನದಿ ಕಾಣಲೇ ಇಲ್ಲ. ನಾನು ಕಣ್ತುಂಬ ನೋಡಿದ್ದು ನಾಲ್ಕು ಉರಿಯ ಒಂದು ಗ್ಯಾಸ್ ಒಲೆ, ಅಡುಗೆಮನೆಯ ಗೋಡೆಗಂಟಿದ ಒಂದು ಬಾಯ್ಲರು, ಆಮೇಲೆ ಕಿಟಕಿಯೇ ಇಲ್ಲದ ಒಂದು ದೊಡ್ಡ ಕೋಣೆ. ಇಷ್ಟು ನೋಡಲು ಸಮುದ್ರ ದಾಟಬೇಕಿತ್ತೇ ಎಂದು ನಗುವವರು ನಗಲಿ. ನಾನಂತೂ ಆ ಏಳು ವಾರ ನಗುತ್ತಲೇ ಇದ್ದೆ.

ನಮ್ಮ ಯಜಮಾನರು ಗ್ಯಾಸ್ ಇಂಜಿನಿಯರು. ಗ್ಯಾಸು ಸಿಗುವ ಕಡೆ ಮನೆ ಸಿಗುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷ, ಅವರು ಒಮ್ಮೆ ಸಮುದ್ರದ ನಡುವೆ, ಒಮ್ಮೆ ಯಾವುದೋ ಬಯಲಿನ ಡೇರೆಯಲ್ಲಿ. ನಾನು ಹುನಗುಂದದಲ್ಲಿ ಅತ್ತೆ, ಇಬ್ಬರು ಮೈದುನರು, ಓರಗಿತ್ತಿಯರು, ಮಗಳು ಗೌರಿ, ಎರಡು ಎಮ್ಮೆಗಳೊಂದಿಗೆ. ಅವರು ರಜೆಯ ಮೇಲೆ ಬಂದಾಗ ಮನೆ ತುಂಬ ಜನ. ಗಂಡನೊಡನೆ ಮಾತಾಡಬೇಕೆಂದರೆ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುವ ನೆಪ ಮಾಡಬೇಕಿತ್ತು.

ಆ ವರ್ಷ ನಮ್ಮ ದೇಶದಲ್ಲಿ ಉದ್ದನೆಯ ಗ್ಯಾಸ್ ಕೊಳವೆಮಾರ್ಗ ಹಾಕುವ ತಯಾರಿ ನಡೆದಿತ್ತು. ಅದನ್ನು ಹಗಲೂ ರಾತ್ರಿ ಒಂದೇ ಕಡೆ ಕುಳಿತು ಕಾಯುವುದು ಹೇಗೆಂದು ಕಲಿಯಲು ಇವರನ್ನು ಇಂಗ್ಲೆಂಡಿಗೆ ಕಳಿಸಿದರು. ಕೊನೆಗೊಂದು ಪರೀಕ್ಷೆ. ಪಾಸಾದರೆ ದಿಲ್ಲಿಯ ಕಂಟ್ರೋಲ್ ರೂಮು, ಮೂರು ಖೋಲಿಯ ಕ್ವಾರ್ಟರ್ಸು, ಹೆಂಡತಿ ಮಗಳು ಜೊತೆಗೆ. ಆಗದಿದ್ದರೆ ಕಂಪ್ರೆಸರ್ ಸ್ಟೇಷನ್ನು, ಅಂದರೆ ಕೊಳವೆಯೊಳಗಿನ ಗ್ಯಾಸನ್ನು ಮುಂದಕ್ಕೆ ನೂಕುವ ಯಂತ್ರಗಳ ನಡುವೆ, ಊರಿಂದ ದೂರ, ಒಂಟಿ ಗಂಡಸರಿಗೆಂದು ಕಟ್ಟಿದ ಸಾಲು ಖೋಲಿ. ಇನ್ನೂ ಎಷ್ಟು ವರ್ಷವೋ.

ಆಗಸ್ಟಿನಲ್ಲಿ ಹೋದವರು ಸೆಪ್ಟೆಂಬರಿನಲ್ಲಿ ಪತ್ರ ಬರೆದರು: ಆಫೀಸಿನವರು ಒಂದು ಸಣ್ಣ ಮನೆ ಕೊಟ್ಟಿದ್ದಾರೆ, ಕೊನೆಯ ಏಳು ವಾರಕ್ಕೆ ನೀನೂ ಬಾ. ಪತ್ರವನ್ನು ಅತ್ತೆಯ ಮುಂದೆ ಓದುವಾಗ ಆ ಕೊನೆಯ ಸಾಲನ್ನು ಎರಡು ಸಲ ಓದಿದೆ.

"ಹೋಗು," ಅಂದರು ಅತ್ತೆ. "ಗೌರಿ ನನ್ನ ಹಂತ್ಯಾಕ ಇರ್ತಾಳ. ಅವಾ ಅಲ್ಲಿ ಬರೇ ಬ್ರೆಡ್ ತಿಂದು ಪರೀಕ್ಷಾಕ್ಕ ಕುಂತ್ರ ತಲ್ಯಾಗ ಏನ್ ಉಳೀತೈತಿ? ಜ್ವಾಳದ ಹಿಟ್ಟು ತಗೊಂಡು ಹೋಗು."

"ಅತ್ತಿ, ಅಲ್ಲಿ ರೊಟ್ಟಿ ಬಡಿಯಾಕ ಆಗ್ತದೋ ಇಲ್ಲೋ."

"ಯಾಕ, ಕೈ ಇಲ್ಲೇ ಬಿಟ್ಟು ಹೊಂಟೀಯೇನು?"

ವಿಮಾನ ನಿಲ್ದಾಣ

ಬಾಗಲಕೋಟೆಯಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಇಳಿದು ಮತ್ತೊಂದು ಹತ್ತಿ, ಮುಂಬಯಿಗೆ ಬಂದು ವಿಮಾನದಲ್ಲಿ ಕೂತದ್ದನ್ನೆಲ್ಲ ಬಿಡುತ್ತೇನೆ. ಲಂಡನ್ನಿನಲ್ಲಿ ಇಳಿದಾಗ ಕಸ್ಟಮ್ಸಿನ ಅಧಿಕಾರಿ ನನ್ನ ಬಟ್ಟೆಯ ಚೀಲ ಬಿಚ್ಚಿ, ಒಳಗಿನ ಹಿಟ್ಟಿನಲ್ಲಿ ಬೆರಳಾಡಿಸಿ, ಇದೇನು ಎಂದು ಕೇಳಿದ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು. ಅಲ್ಲಿಯ ಸಿಸ್ಟರುಗಳು ಇಂಗ್ಲಿಷನ್ನು ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ಮಾತಾಡಬೇಕೆಂದು ಕಲಿಸಿದ್ದರು. ನಾನು ಹಾಗೆಯೇ ನಿಂತೆ. "ಮಾನ್ಯರೇ, ಇದು ಜೋಳವೆಂಬ ಧಾನ್ಯದ ಹಿಟ್ಟು. ತಮಗೆ ಸಂಶಯವಿದ್ದಲ್ಲಿ ತಮ್ಮ ಸಮ್ಮುಖದಲ್ಲೇ ಬೇಯಿಸಿ ತೋರಿಸಲು ಸಿದ್ಧಳಿದ್ದೇನೆ."

ಅವನಿಗೂ ಯಾವುದೋ ಸಿಸ್ಟರು ನೆನಪಾಗಿರಬೇಕು. ಬೆರಳ ಹಿಟ್ಟು ಝಾಡಿಸಿಕೊಂಡು, ತಾನೇ ಚೀಲದ ಬಾಯಿ ಕಟ್ಟಿಕೊಟ್ಟ.

ಹದಿನಾಲ್ಕನೇ ನಂಬರಿನ ಮನೆ

ಮಧ್ಯ ಇಂಗ್ಲೆಂಡಿನ ಒಂದು ಊರು. ಬಾದಾಮಿಯ ಗುಡ್ಡವನ್ನು ಒಡೆದು ಇಟ್ಟಂಗಿ ಮಾಡಿ ಸಾಲಾಗಿ ಜೋಡಿಸಿದಂತೆ ಕೆಂಪು ಮನೆಗಳು, ಒಂದರ ಗೋಡೆ ಇನ್ನೊಂದಕ್ಕೆ ಅಂಟಿ. ನಮ್ಮದು ಹದಿನಾಲ್ಕನೇ ನಂಬರು. ಕೆಳಗೆ ಒಂದು ಕೋಣೆ, ಅಡುಗೆಮನೆ. ಮೇಲೆ ಒಂದು ಕೋಣೆ. ಅದರೊಳಗೆ ನಾವಿಬ್ಬರೇ.

ಮೊದಲ ಎರಡು ದಿನ ನಾನು ಅಭ್ಯಾಸಬಲದಿಂದ ಪಿಸುಗುಡುತ್ತಲೇ ಮಾತಾಡಿದೆ. ಮೂರನೇ ದಿನ ಇವರು ಚಹದ ಕಪ್ಪು ಕೆಳಗಿಟ್ಟು ಕೇಳಿದರು, "ಯಾರ್ ಕೇಳಾಕ್ಹತ್ಯಾರಂತ ಹಿಂಗ ಪಿಸಿಪಿಸಿ ಅಂತೀ?"

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. "ಉಪ್ಪು ಸಾಕೇನ್ರಿ?" ಎಂದು ಜೋರಾಗಿ ಕೂಗಿದೆ. "ಸಾಕು," ಎಂದು ಅವರೂ ಕೂಗಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರಿಗೆ ನಲವತ್ತರ ಹತ್ತಿರ, ನನಗೆ ಮೂವತ್ತೆರಡು.

ಆಮೇಲೆ ಆ ಒಲೆ. ಹುನಗುಂದದ ನಮ್ಮ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿಯಿದೆ. ಸಗಣಿಯ ರಾಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು, ಒಳಗೆ ಗ್ಯಾಸು ತುಂಬಿದಂತೆ ಮೇಲೇಳುತ್ತದೆ, ಅಡುಗೆ ಆದಂತೆ ಕೆಳಗಿಳಿಯುತ್ತದೆ. ಅತ್ತೆ ಅದರ ಮೈಮೇಲೆ ಸುಣ್ಣದ ಗೆರೆಗಳನ್ನು ಎಳೆದಿದ್ದಾರೆ. ಬೆಳಿಗ್ಗೆ ಎದ್ದು ದೇವರ ಮುಖಕ್ಕಿಂತ ಮೊದಲು ಡ್ರಮ್ಮಿನ ಮುಖ ನೋಡಿ, "ಇವತ್ತು ಎರಡನೇ ಗೀಟಿನ ಮ್ಯಾಗ ಐತಿ, ಪಲ್ಲೆ ಮಾಡ್ರಿ, ಬ್ಯಾಳಿ ಕಟಗೀ ಒಲಿಮ್ಯಾಲ ಇಡ್ರಿ" ಎಂದು ಹುಕುಂ ಕೊಡುತ್ತಾರೆ. ಇಲ್ಲಿ ನೋಡುವ ಡ್ರಮ್ಮೇ ಇಲ್ಲ. ಗುಂಡಿ ತಿರುವಿದರೆ ನೀಲಿ ಉರಿ, ಮುಂಜಾನೆಯೂ ಅಷ್ಟೇ, ಸಂಜೆಯೂ ಅಷ್ಟೇ. ನಾಲ್ಕನ್ನೂ ಹೊತ್ತಿಸಿ, ಒಂದರ ಮೇಲೆ ರೊಟ್ಟಿ, ಒಂದರ ಮೇಲೆ ಬೇಳೆ, ಒಂದರ ಮೇಲೆ ಹಾಲು, ಇನ್ನೊಂದನ್ನು ಸುಮ್ಮನೆ ನೋಡುತ್ತ ನಿಂತೆ. ನಾಚಿಕೆಯಾಗಿ ಅದನ್ನು ಆರಿಸಿದೆ.

ನಾಲ್ಕನೇ ದಿನ ಬೆಳಿಗ್ಗೆ ಐದೂವರೆಗೆ ರೊಟ್ಟಿ ಬಡಿಯುವಾಗ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಮಿಸೆಸ್ ಡಾಬ್ಸನ್, ಅರವತ್ತು ದಾಟಿದ ವಿಧವೆ, ಕೂದಲು ಗುಂಗುರಾಗಲೆಂದು ತಲೆಗೆ ಸುರುಳಿ ಕಟ್ಟಿಕೊಂಡು ನಿಂತಿದ್ದಳು. ಅವಳು ಇಂಗ್ಲೆಂಡಿನ ಉತ್ತರ ಭಾಗದವಳು. ಅವಳ ಮಾತು ನಮ್ಮ ಸಿಸ್ಟರುಗಳ ಇಂಗ್ಲಿಷಿಗೆ ಎಷ್ಟು ದೂರವೋ ನಮ್ಮ ಮಾತು ಮೈಸೂರಿಗೆ ಅಷ್ಟು ದೂರ. ಆದ್ದರಿಂದ ಅವಳನ್ನು ನಮ್ಮ ಕಡೆಯ ಮಾತಿನಲ್ಲೇ ಆಡಿಸುತ್ತೇನೆ, ಅದೇ ಸರಿಯಾದ ಅನುವಾದ.

"ಖರೆ ಹೇಳವ್ವ," ಅಂದಳು ಮೆಲ್ಲಗೆ, ನನ್ನ ಮುಖ ತೋಳು ಎಲ್ಲ ನೋಡುತ್ತ. "ನಿನ್ನ ಗಂಡ ನಿನಗ ಬಡೀತಾನೇನು? ದಿನಾ ಮುಂಜಾನೆ ದಪ್ ದಪ್ ಅಂತ ಗ್ವಾಡ್ಯಾಗ ಕೇಳತೈತಿ."

ನಾನು ಅವಳ ಕೈ ಹಿಡಿದು ಒಳಗೆ ಕರೆದು, ರೊಟ್ಟಿ ಬಡಿದು ತೋರಿಸಿದೆ. ಅವಳು ಕುರ್ಚಿಯಲ್ಲಿ ಕುಸಿದು ಕುಳಿತು ಬಹಳ ಹೊತ್ತು ನಕ್ಕಳು, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಎರಡು ತಿಂದಳು. ಅಂದಿನಿಂದ ಅವಳು ನನಗೆ ಡಾಬ್ಸನ್ ಬಾಯಿ, ದಿನವೂ ಒಂದು ರೊಟ್ಟಿ ಅವಳ ಪಾಲು.

ನನ್ನ ಅಡುಗೆಮನೆಯ ಕಿಟಕಿಯಿಂದ ಎಲ್ಲರ ಹಿತ್ತಿಲ ಗೋಡೆಗಳು ಕಾಣುತ್ತಿದ್ದವು. ಪ್ರತಿ ಗೋಡೆಯಿಂದ ಒಂದು ಗಿಡ್ಡ ಕೊಳವೆ ಹೊರಚಾಚಿತ್ತು. ಮನೆ ಬೆಚ್ಚಗಿಡುವ ಬಾಯ್ಲರಿಗೆ ಅಲ್ಲಿ ಒಂದೊಂದು ಪುಟ್ಟ ಗಡಿಯಾರವಿರುತ್ತದೆ. ಅದು ಹೇಳಿದ ಹೊತ್ತಿಗೆ ಬಾಯ್ಲರು ತಾನೇ ಹೊತ್ತಿಕೊಂಡು, ಕೊಳವೆಯಿಂದ ಬುಸ್ಸೆಂದು ಬಿಳಿ ಹಬೆ ಬಿಡುತ್ತದೆ. ರೊಟ್ಟಿ ಬಡಿಯುತ್ತ ನನಗೆ ಅದೇ ನೋಟ. ಡಾಬ್ಸನ್ ಬಾಯಿಯದು ಆರಕ್ಕೆ. ಹದಿನೆಂಟನೇ ನಂಬರಿನ ಶಿಕ್ಷಕರದು ಆರೂ ಕಾಲಿಗೆ. ಕೂಸಿರುವ ಮನೆಯದು ರಾತ್ರಿಯಿಡೀ. ಮೂಲೆ ಮನೆಯ ಮುದುಕನಿಗೆ ಬಾಯ್ಲರೇ ಇಲ್ಲ, ಕಲ್ಲಿದ್ದಲು. ಇದನ್ನೆಲ್ಲ ಊಟಕ್ಕೆ ಕೂತಾಗ ಇವರಿಗೆ ವರದಿ ಒಪ್ಪಿಸುತ್ತಿದ್ದೆ. "ಹುನಗುಂದದಾಗ ಯಾರ ಮನ್ಯಾಗ ಹೊಗಿ ಎದ್ದಿತು ಅಂತ ನೋಡೂ ಚಟ ಇಲ್ಲೂ ಬಂತಲ್ಲ," ಎಂದು ಇವರು ನಗುತ್ತಿದ್ದರು.

ಶನಿವಾರ

ಇವರ ಪರೀಕ್ಷೆ ಅಕ್ಟೋಬರಿನ ಕೊನೆಯ ರವಿವಾರಕ್ಕೆ ಗೊತ್ತಾಯಿತು. ಗ್ಯಾಸಿನವರ ದಿನ ಬೆಳಗಿನ ಆರಕ್ಕೆ ಶುರುವಾಗುತ್ತದೆ. ಆರು ಹೊಡೆಯುವಾಗ ಇವರು ಒಂದು ಹಾಳೆ ಕೊಡಬೇಕು. ಮುಂದಿನ ಇಪ್ಪತ್ನಾಲ್ಕು ತಾಸಿನಲ್ಲಿ ಇಡೀ ದೇಶ ತಾಸು ತಾಸಿಗೆ ಎಷ್ಟು ಗ್ಯಾಸು ಉರಿಸುತ್ತದೆ ಎಂಬ ಅಂದಾಜು ಅದು. ಗ್ಯಾಸು ಸಮುದ್ರದ ದಂಡೆಯಿಂದ ಹೊರಟು ಮನೆ ಮುಟ್ಟಲು ಹೊತ್ತು ಬೇಕಾದ್ದರಿಂದ ಅಂದಾಜು ಮೊದಲೇ ಆಗಬೇಕು. ಕಡಿಮೆ ಹೇಳಿದರೆ ಕೊಳವೆಯಲ್ಲಿ ಒತ್ತಡ ಬೀಳುತ್ತದೆ, ಹೆಚ್ಚು ಹೇಳಿದರೆ ಉಬ್ಬುತ್ತದೆ. ಕೊಟ್ಟಮೇಲೆ ಅದೇ ಹಾಳೆಯ ಮೇಲೆ ದಿನವಿಡೀ ದೇಶ ನಡೆಸಬೇಕು. ಯಾರೂ ಸಹಾಯ ಮಾಡುವಂತಿಲ್ಲ.

ಶನಿವಾರ ಇವರು ಚಳಿ, ಗಾಳಿ, ಹಿಂದಿನ ರವಿವಾರಗಳ ಹಾಳೆ ಎಲ್ಲವನ್ನು ಮೇಲಿನ ಕೋಣೆಯ ಹಾಸಿಗೆಯ ಮೇಲೆ ಹರವಿಕೊಂಡು ಕೂತಿದ್ದರು. ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ಬೇಲಿಯಾಚೆಯಿಂದ ಡಾಬ್ಸನ್ ಬಾಯಿ, "ಇವತ್ತ ರಾತ್ರಿ ಗಡಿಯಾರ ತಿರುವೂದು ಮರೀಬ್ಯಾಡವ್ವ, ಒಂದ ತಾಸು," ಅಂದಳು.

"ಯಾಕ?"

"ಸರಕಾರದ್ದು. ವರ್ಷಾ ಮಾಡ್ತಾರ. ಆದ್ರ ಬಾಯ್ಲರಿಂದು ಮಾತ್ರ ಮುಟ್ಟಬ್ಯಾಡ. ಹೋದ ಸಲ ಮುಟ್ಟಿ ಒಂದ ವಾರ ಥಂಡ್ಯಾಗ ಸತ್ತೇನಿ. ಅದನ್ನ ನನ್ನ ಮಗಾ ಬಂದಾಗ ಮಾಡ್ತಾನ, ಮುಂದಿನ ತಿಂಗಳ. ಈ ಓಣ್ಯಾಗ ಯಾರೂ ಲಗೂನ ಮುಟ್ಟೂದಿಲ್ಲ."

ಒಲೆಯ ಮೇಲಿಟ್ಟದ್ದು ನೆನಪಾಗಿ ಅವಳು ಒಳಗೆ ಓಡಿದಳು. ಮುಂದೆ ತಿರುವಬೇಕೋ ಹಿಂದೆ ತಿರುವಬೇಕೋ ಅವಳು ಹೇಳಲಿಲ್ಲ. ಆ ದೇಶದಲ್ಲಿ ಅದು ಹೇಳುವ ಮಾತೇ ಅಲ್ಲ. ನಾನು ಯೋಚಿಸಿದೆ. ನಮ್ಮಲ್ಲಿ ಕಾಶಿಯಿಂದ ಕನ್ಯಾಕುಮಾರಿಯವರೆಗೆ ಒಂದೇ ಗಡಿಯಾರ, ಅದನ್ನು ಯಾರೂ ತಿರುವುವುದಿಲ್ಲ. ಸರಕಾರ ಅಂದಮೇಲೆ ಜನರನ್ನು ಬೇಗ ಎಬ್ಬಿಸಿ ಕೆಲಸಕ್ಕೆ ಹಚ್ಚುವುದೇ ಇರಬೇಕು. ಮೇಲೆ ಹೋಗಿ, "ಏನ್ರಿ, ಸರಕಾರದ ಹುಕುಂ ಅಂತ, ಗಡಿಯಾರ ಒಂದ ತಾಸು ಸರಸಬೇಕಂತ," ಅಂದೆ.

"ಹೂಂ, ಹೂಂ," ಅಂದರು ಇವರು, ತಲೆಯೆತ್ತದೆ. "ಮಾಡು."

ಗೋಡೆಯದು, ಅಲಾರಮ್ಮು, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಇವರ ಕೈಗಡಿಯಾರ, ಮೂರನ್ನೂ ಒಂದು ತಾಸು ಮುಂದೆ ಇಟ್ಟೆ. ಬಾಯ್ಲರಿನದು ಮುಟ್ಟಲಿಲ್ಲ.

ರವಿವಾರದ ರಸ್ತೆ

ರವಿವಾರ ಆಫೀಸಿನ ದೊಡ್ಡವರು ಇರುವುದಿಲ್ಲ, ಸಹಿ ಮಾಡಿಸಿ ಮನೆಯವರನ್ನು ಕರೆತರಬಹುದು. "ನೀನೂ ಬಾ, ಇವತ್ತ ಇಲ್ಲದ್ರ ಮತ್ತ ನೋಡೂದಿಲ್ಲ," ಎಂದಿದ್ದರು ಇವರು. ಬಸ್ಸಿಲ್ಲ, ಅರ್ಧ ತಾಸಿನ ದಾರಿ, ಕೈಯಲ್ಲಿ ರೊಟ್ಟಿಯ ಡಬ್ಬಿ. ಕೈಗಡಿಯಾರದಲ್ಲಿ ಐದೂ ಕಾಲು.

"ಹಾಲಿನಾವನ ಗಾಡಿ ಇನ್ನೂ ಕಾಣವಲ್ದಲ್ರಿ," ಅಂದೆ.

"ರವಿವಾರ."

"ಕೂಸಿನ ಮನೀದು ಬಿಟ್ರ ಒಂದು ಕೊಳವಿನೂ ಹಬಿ ಬಿಡವಲ್ದು."

"ನೀ ಸ್ವಲ್ಪ ಬಾಯಿ ಮುಚ್ಚಿ ನಡೀ. ನನಗ ಲೆಕ್ಕ ಮರತು ಹೊಕ್ಕೈತಿ."

ಬಾಯಿ ಮುಚ್ಚಿದೆ. ಆದರೆ ಒಳಗೊಳಗೇ ನಗು. ಆ ಊರಿನ ಖಾಲಿ ರಸ್ತೆಯಲ್ಲಿ ಗಂಡನ ತೋಳು ಹಿಡಿದು ನಡೆಯುತ್ತಿದ್ದೆ. ಹುನಗುಂದದ ಬಜಾರಿನಲ್ಲಿ ಅವರಿಗಿಂತ ಎಂಟು ಹೆಜ್ಜೆ ಹಿಂದೆ ನಡೆಯುವವಳು ನಾನು.

ಆ ಕೋಣೆ

ಬಾಗಿಲು ತೆರೆದವನು ರಾತ್ರಿ ಪಾಳಿಯ ಆರ್ಥರ್, ಕೆಂಪು ಮೀಸೆಯ ದಪ್ಪ ಮನುಷ್ಯ. ನಮ್ಮನ್ನು ನೋಡಿ ಅವನ ಕೈಯ ಚಹ ತುಳುಕಿತು. ಒಳಗಿನ ಗೋಡೆಯ ಗಡಿಯಾರ ನಾಲ್ಕಕ್ಕೆ ಕಾಲು ತಾಸು ಕಡಿಮೆ ತೋರಿಸುತ್ತಿತ್ತು.

"ನಿಮ್ಮ ಗಡಿಯಾರ ನಿಂತಿದೆ," ಅಂದರು ಇವರು, ತಮ್ಮದನ್ನು ತೋರಿಸಿ.

"ಈ ಕೋಣೆಯ ಗಡಿಯಾರ ನಿಂತರೆ ಇಡೀ ಇಂಗ್ಲೆಂಡ್ ತಣ್ಣಗಾಗುತ್ತದೆ, ಪಾಟೀಲ್," ಅಂದ ಆರ್ಥರ್. "ನೀವು ಯಾವ ದಿಕ್ಕಿಗೆ ತಿರುವಿದಿರಿ?"

ಇವರು ನನ್ನ ಕಡೆ ನೋಡಿದರು. ನಾನು ರೊಟ್ಟಿಯ ಡಬ್ಬಿಯ ಕಡೆ ನೋಡಿದೆ. ಚಳಿಗಾಲ ಬರುತ್ತಲೇ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದೆ ಇಡುತ್ತಾರಂತೆ, ಬೇಸಿಗೆಗೆ ಮತ್ತೆ ಮುಂದೆ. ಹಿಂದೆ ಇಡಬೇಕಾದದ್ದನ್ನು ಒಂದು ತಾಸು ಮುಂದೆ ಇಟ್ಟು, ನನ್ನ ಗಂಡನನ್ನು ಅವರ ಬಾಳಿನ ಪರೀಕ್ಷೆಗೆ ಎರಡು ತಾಸು ಮೊದಲೇ ತಂದು ನಿಲ್ಲಿಸಿದ್ದೆ. ಆರ್ಥರ್ ಎಷ್ಟು ನಕ್ಕನೆಂದರೆ ಮೇಜಿನ ಮೇಲಿನ ಟೆಲಿಫೋನು ಟಿಣ್ಣೆಂದಿತು.

ಇನ್ನು ಕೋಣೆ. ಒಂದು ಗೋಡೆಯ ತುಂಬ ಆ ದೇಶದ ನಕ್ಷೆ, ಅದರ ಮೇಲೆ ಬಣ್ಣದ ಗೆರೆಗಳಾಗಿ ಕೊಳವೆಗಳು. ಸಮುದ್ರದ ದಂಡೆಯಲ್ಲಿ ಗ್ಯಾಸು ಒಳಬರುವ ಬಾಗಿಲುಗಳು, ನಡುನಡುವೆ ಕಂಪ್ರೆಸರುಗಳು, ಎಲ್ಲಕ್ಕೂ ಒಂದೊಂದು ಪುಟ್ಟ ದೀಪ. ಕೆಳಗೆ ಸಾಲಾಗಿ ಯಂತ್ರಗಳು. ಮೆಲ್ಲಗೆ ಸರಿಯುವ ಕಾಗದದ ಸುರುಳಿಯ ಮೇಲೆ ಪೆನ್ನುಗಳು ತಾವೇ ಗೆರೆ ಎಳೆಯುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಪೆನ್ನು ಇಡೀ ದೇಶ ಆ ಕ್ಷಣ ಎಷ್ಟು ಉರಿಸುತ್ತಿದೆ ಎಂದು ಬರೆಯುತ್ತದೆ. ಅದು ಕೆಳಗೆ, ಸಪಾಟಾಗಿ ಹರಿಯುತ್ತಿತ್ತು.

"ಎಲ್ಲಾರೂ ಮಲಗ್ಯಾರ," ಅಂದರು ಇವರು. "ಆದ್ರ ಸಮುದ್ರದಿಂದ ಗ್ಯಾಸು ಬರೂದು ನಿಂತಿಲ್ಲ. ಉರಿಸಾವ್ರು ಇಲ್ಲ ಅಂದ್ರ ಕೊಳವಿಯೊಳಗ ಒತ್ತೊತ್ತಿ ಕುಂದ್ರತೈತಿ. ಮುಂಜಾನೆ ಎಲ್ಲಾರೂ ಎದ್ದು ಒಮ್ಮೆಲೇ ಎಳ್ಯಾಕ ಅದೇ ಬೇಕು."

"ಅಂದ್ರ ನಮ್ಮ ಡ್ರಮ್ಮು."

ಇವರು ಗೋಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಮೂರು ತಿಂಗಳು ಇದನ್ನ ಪುಸ್ತಕದಾಗ ಓದೇನಿ," ಅಂದರು. "ಹೌದು, ಡ್ರಮ್ಮು. ಆರ್ಥರ್ ಅಂದ್ರ ನಮ್ಮವ್ವ."

ಕೆಂಪು ಮೀಸೆಯ ಅತ್ತೆಯನ್ನು ನೆನೆದು ನನಗೆ ಕೆಮ್ಮು ಬಂತು.

ಪೆನ್ನು

ಹೊಸ ಗಡಿಯಾರದ ಐದಕ್ಕೆ ದೊಡ್ಡ ಪೆನ್ನು ಅಲುಗಿತು. ಐದು ದಾಟುತ್ತಿದ್ದಂತೆ ಏರತೊಡಗಿತು.

ಇವರ ಹಾಳೆಯಲ್ಲಿ ಅದು ಏರಬೇಕಾದದ್ದು ಆರಕ್ಕೆ. ಗಡಿಯಾರ ಸರಿದರೇನು, ಜನ ಹೊಸ ಗಡಿಯಾರದಂತೆಯೇ ಏಳುತ್ತಾರೆ, ಹಾಳೆ ಹಾಗೇ ಇರಲಿ ಎಂದು ಆಗಷ್ಟೇ ಲೆಕ್ಕ ಹಾಕಿ ನಿರಾಳವಾಗಿದ್ದವರು ಎದ್ದು ನಿಂತರು. ಒಂದೊಂದೇ ಯಂತ್ರದ ಮುಂದೆ ಬಗ್ಗಿ ನೋಡಿದರು. ಎಲ್ಲಾದರೂ ಕೊಳವೆ ಒಡೆದು ಗ್ಯಾಸು ಸೋರುತ್ತಿದೆಯೋ? ಒಡೆದಿದ್ದರೆ ಒಂದು ಕಡೆಯ ಒತ್ತಡ ಬೀಳಬೇಕು. ಇದು ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ. ಚಳಿ ಹೆಚ್ಚಾಯಿತೋ? ಇಲ್ಲ. ಆರ್ಥರ್ ತನ್ನ ಕಪ್ಪಿನೊಳಗೆ ಏನೋ ಕಳೆದುಹೋದವನಂತೆ ಅದನ್ನೇ ನೋಡುತ್ತ ಕೂತಿದ್ದ. ಅವನಿಗೆ ಗೊತ್ತಿತ್ತು, ಹೇಳುವಂತಿರಲಿಲ್ಲ. ಇವರ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಆ ಬೆನ್ನು ನೋಡುತ್ತ ನನಗೆ ಬಯಲಿನ ನಡುವಿನ ಸಾಲು ಖೋಲಿಗಳು ಕಂಡವು.

ಐದು ಅಂದರೆ ನಿನ್ನೆಯ ಆರು. ನಿನ್ನೆಯ ಆರಕ್ಕೆ ನನ್ನ ಕಿಟಕಿಯಾಚೆ ಯಾರ ಕೊಳವೆ ಬುಸ್ಸೆನ್ನುತ್ತಿತ್ತು?

"ಏನ್ರಿ," ಅಂದೆ. "ಬಾಯ್ಲರಿನ ಗಡಿಯಾರ ನಾ ತಿರುವಿಲ್ಲ."

"ಇದೇನ್ ಈಗ ಹೇಳೂ ಮಾತು?"

"ಡಾಬ್ಸನ್ ಬಾಯಿನೂ ತಿರುವಿಲ್ಲ. ಓಣ್ಯಾಗ ಯಾರೂ ತಿರುವೂದಿಲ್ಲಂತ. ಮಂದಿ ಮಲಗ್ಯಾರ್ರಿ, ಬಾಯ್ಲರು ಹಳೇ ಟೈಮಿಗೆ ಎದ್ದಾವ."

ಇವರು ನನ್ನ ಕಡೆ ತಿರುಗಿದರು. ಒಂಬತ್ತು ವರ್ಷದಲ್ಲಿ ಆ ಮುಖ ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು, ಪೆನ್ಸಿಲು ಕಚ್ಚಿ, "ಓಣ್ಯಾಗ ಎಷ್ಟು ಮನಿ?" ಅಂದರು.

"ನನಗ ಕಾಣೂವು ಹನ್ನೊಂದು."

"ಎಷ್ಟು ಮಂದಿ ತಿರುವಿರಬೇಕು?"

"ಶಿಕ್ಷಕರು ತಿರುವಿರ್ತಾರ, ಅವರ ಹೆಂಡತಿ ಬಾಳ ಟೈಮಿನಾಕಿ. ಹೊಸಾ ಜೋಡಿ, ಅವರೂ. ಕೂಸಿನ ಮನಿಯವ್ರದು ಹೆಂಗೂ ರಾತ್ರಿಯೆಲ್ಲಾ ಉರೀತೈತಿ, ಬಿಡ್ರಿ. ಉಳಿದಾವ್ರು ಒಬ್ಬರೂ ಇಲ್ಲ."

ಅರ್ಧಕ್ಕಿಂತ ಹೆಚ್ಚು ಬಾಯ್ಲರು ಐದಕ್ಕೆ, ಉಳಿದವು ಆರಕ್ಕೆ. ಹೊಸ ಹೊತ್ತಿಗೆ ಏಳುವ ಜನರ ಚಹ, ಬಿಸಿನೀರು ಅದರ ಮೇಲೆ. ಹಾಳೆಯ ಗೆರೆಯಲ್ಲಿ ಒಂದು ದಿಬ್ಬದ ಬದಲು ಎರಡು ಸಣ್ಣ ದಿಬ್ಬ. ಸಂಜೆಯೂ ಅದೇ ಕಥೆ. ಇವರು ಹಳೆಯ ಗೆರೆಯನ್ನು ಅಳಿಸಿ ಹೊಸದು ಎಳೆದರು. ರಬ್ಬರಿನ ಪುಡಿಯನ್ನು ನಾನು ಸೆರಗಿನಿಂದ ಒರೆಸಿದೆ. ನಡುವೆ ಒಂದು ರೊಟ್ಟಿಗೆ ಚಟ್ನಿ ಸುತ್ತಿ ಕೈಗೆ ಕೊಟ್ಟೆ, ಅದನ್ನು ಪೆನ್ಸಿಲು ಎಂದುಕೊಂಡು ಕಿವಿಯ ಮೇಲೆ ಇಡಲು ಹೋದರು.

ಮಿಸ್ಟರ್ ಹಾರ್ಪರ್

ಆರಕ್ಕೆ ಸರಿಯಾಗಿ ಮಿಸ್ಟರ್ ಹಾರ್ಪರ್ ಬಂದರು. ಆ ಕೋಣೆಯ ಯಜಮಾನರು, ಪರೀಕ್ಷೆ ಮಾಡುವವರು, ಅದಕ್ಕೆಂದೇ ರವಿವಾರವೂ ಬಂದವರು. ಉದ್ದ, ತೆಳ್ಳಗೆ, ಟೈ ಬಿಗಿದವರು. ಅವರ ಇಂಗ್ಲಿಷು ನಮ್ಮ ಸಿಸ್ಟರುಗಳದ್ದೇ, ಆದ್ದರಿಂದ ಅವರಿಗೆ ಪುಸ್ತಕದ ಕನ್ನಡ.

ಹಾಳೆ ನೋಡಿದರು. ಬೆಳಕಿಗೆ ಹಿಡಿದು, ಅಳಿಸಿದ ಗೆರೆಯನ್ನೂ ನೋಡಿದರು. "ಮಿಸ್ಟರ್ ಪಾಟೀಲ್, ನಾನು ಪ್ರತಿವರ್ಷ ಈ ಭಾನುವಾರವನ್ನೇ ಆರಿಸುತ್ತೇನೆ. ಹೊರದೇಶದವರು ಯಾರೂ ಈ ಎರಡನೆಯ ದಿಬ್ಬವನ್ನು ಬರೆದಿಲ್ಲ. ಇದನ್ನು ನಿಮಗೆ ಯಾರು ಹೇಳಿದರು?"

ಆರ್ಥರ್ ಎರಡೂ ಕೈ ಮೇಲೆತ್ತಿದ. ಪೆನ್ನು ಏರಿದ್ದು ಕಂಡು ನಾನೇ ಊಹಿಸಿದೆ ಎಂದುಬಿಡಿ, ಅಷ್ಟೇ ಸಾಕು, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅದರಲ್ಲಿ ಅರ್ಧ ನಿಜವೂ ಇತ್ತು. ಆದರೆ ನಮ್ಮ ಅತ್ತೆ ಮಕ್ಕಳನ್ನು ಬೆಳೆಸಿದ ರೀತಿ ನನಗೆ ಗೊತ್ತು.

"ನನ್ನ ಹೆಂಡತಿ ಹೇಳಿದಳು," ಅಂದರು ಇವರು. "ನಾನು ಅದನ್ನು ಯೋಚಿಸಿರಲಿಲ್ಲ. ಗಡಿಯಾರ ಬದಲಾಗುವುದೇ ನನಗೆ ತಿಳಿದಿರಲಿಲ್ಲ. ಅವಳು ತಪ್ಪು ದಿಕ್ಕಿಗೆ ತಿರುವಿದ್ದರಿಂದ ಎರಡು ತಾಸು ಮೊದಲೇ ಬಂದೆವು, ಅದಕ್ಕೇ ಪೆನ್ನು ಏರಿದ್ದು ನೋಡಲು ಸಿಕ್ಕಿತು."

ಮಿಸ್ಟರ್ ಹಾರ್ಪರ್ ನನ್ನ ಕಡೆ ತಿರುಗಿದರು. ನಾನು ಎದ್ದು, ಬೆನ್ನು ನೆಟ್ಟಗೆ ಮಾಡಿ, ಕೈ ಹಿಂದೆ ಕಟ್ಟಿದೆ.

"ನಿಮ್ಮ ನೆರೆಮನೆಯವರು ಬಾಯ್ಲರಿನ ಗಡಿಯಾರವನ್ನು ಯಾವಾಗ ಸರಿಪಡಿಸುತ್ತಾರೆ, ಮೇಡಂ?"

"ಮುಂದಿನ ತಿಂಗಳು, ಮಗ ಬಂದಾಗ, ಸರ್."

"ಅದರ ಆಚೆಯ ಮನೆ?"

ಹೇಳಿದೆ. ಅದರ ಆಚೆಯದೂ ಹೇಳಿದೆ. ಯಾವುದು ಎಷ್ಟು ಹೊತ್ತಿಗೆ ಹೊತ್ತುತ್ತದೆ, ಯಾವುದು ಬೇಗ ಆರುತ್ತದೆ, ಯಾರು ರವಿವಾರ ತಡವಾಗಿ ಏಳುತ್ತಾರೆ, ಯಾರ ಮನೆಯಲ್ಲಿ ನೀರು ಕಾಯಿಸಿ ಆರಿಸುವುದನ್ನು ಮರೆಯುತ್ತಾರೆ. ಅವರು ಕುರ್ಚಿ ಎಳೆದುಕೊಂಡು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಓಣಿ ಮುಗಿದಾಗ, "ಇನ್ನೊಂದು ಓಣಿ ಗೊತ್ತಿದೆಯೇ?" ಎಂದು ಕೇಳಿದರು. ಹಿಂದಿನದು ಅರ್ಧ ಗೊತ್ತಿತ್ತು, ಅದನ್ನೂ ಕೊಟ್ಟೆ.

ಪಾಸೋ ನಪಾಸೋ ಹೇಳಲಿಲ್ಲ. "ದಿನ ಮುಗಿಯಲಿ," ಅಂದರಷ್ಟೇ.

ಆ ದಿನ ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ದೇಶ ಬದುಕುವುದನ್ನು ನೋಡಿದೆ. ಆರು ದಾಟಿದಾಗ ಎರಡನೆಯ ದಿಬ್ಬ ಬಂತು, ಇವರ ಗೆರೆಯ ಮಗ್ಗುಲಲ್ಲೇ. ಹನ್ನೊಂದಕ್ಕೆ ಪೆನ್ನು ಮತ್ತೆ ಏರಿತು. ರವಿವಾರ ಮಧ್ಯಾಹ್ನದ ಊಟಕ್ಕೆ ಬೇಯಿಸುವ ಮಾಂಸ ಲಕ್ಷಾಂತರ ಒಲೆಗಳೊಳಗೆ ಒಮ್ಮೆಲೇ ಹೋಯಿತೆಂದು ಆರ್ಥರಿನ ಜಾಗಕ್ಕೆ ಬಂದವನು ವಿವರಿಸಿದ. ಶಿವ ಶಿವಾ ಎಂದುಕೊಂಡೆ, ಆದರೆ ಕಣ್ಣು ಕೀಳಲಿಲ್ಲ. ನಕ್ಷೆಯ ಮೇಲಿನ ಯಾವ ಊರೂ ನನಗೆ ಗೊತ್ತಿಲ್ಲ, ಆದರೂ ಯಾರೋ ಹೆಂಗಸು ಆಗ ತಾನೇ ಕೈ ಒರೆಸಿಕೊಂಡು ಗುಂಡಿ ತಿರುವಿದ್ದು ನನಗೆ ತಿಳಿದುಬಿಡುತ್ತಿತ್ತು.

ಮಂಗಳವಾರ

ಮಂಗಳವಾರ ಸಂಜೆ ಇವರು ಬಾಗಿಲಲ್ಲೇ ನಿಂತು, ಬೂಟು ಬಿಚ್ಚದೆ, ಕೈಯಲ್ಲಿ ಲಕೋಟೆ ಹಿಡಿದು ಅಡುಗೆಮನೆಯ ಕಡೆ ನೋಡಿದರು. ನಾನು ಕೇಳಲು ಹೆದರಿ ಈರುಳ್ಳಿ ಹೆಚ್ಚುತ್ತಲೇ ಇದ್ದೆ.

"ಹೆಂಡತಿ ಮಾತು ಕೇಳಿದ್ದಕ್ಕ ಹಾರ್ಪರ್ ಸಾಹೇಬ್ರು ನ್ಯಾಯವಾಗಿ ನಪಾಸ ಮಾಡಬೇಕಿತ್ತಂತ," ಅಂದರು. "ಆದ್ರ ಕಂಟ್ರೋಲ್ ರೂಮಿನಾವ ಖರೆ ಹೇಳಾವ ಇರಬೇಕಂತ. ಒಲಿ ಹಚ್ಚಾವ್ರನ್ನ ಕೇಳಾವನೂ ಇರಬೇಕಂತ."

"ಅಂದ್ರ?"

"ಅಂದ್ರ ದಿಲ್ಲಿ."

ಈರುಳ್ಳಿಯ ನೆಪವಿತ್ತು, ಧಾರಾಳವಾಗಿ ಅತ್ತುಬಿಟ್ಟೆ. ಅಳುತ್ತಲೇ ನಗು ಬಂತು. ಇವರು ನನ್ನ ಕೈಯ ಚಾಕು ತೆಗೆದಿಟ್ಟು, ಮುಂಬಯಿ ಆಫೀಸಿಗೆ ಕಳಿಸಬೇಕಾದ ಕ್ವಾರ್ಟರ್ಸಿನ ಅರ್ಜಿಯನ್ನು ಮೇಜಿನ ಮೇಲೆ ಹರವಿದರು. ಹೆಸರು, ಹುದ್ದೆ, ಖಾಯಂ ವಿಳಾಸ ಎಲ್ಲ ಬರೆದಾಯಿತು. ಕೆಳಗೊಂದು ಸಾಲು: ಕುಟುಂಬವು ಎಂದಿನಿಂದ ಜೊತೆಗಿರುತ್ತದೆ?

ಒಂಬತ್ತು ವರ್ಷ, ಬದಲಾದ ಪ್ರತಿ ಊರಿನಿಂದ ತುಂಬಿ ಕಳಿಸಿದ ಪ್ರತಿ ಅರ್ಜಿಯಲ್ಲಿ ಆ ಸಾಲಿನ ಮುಂದೆ ತಾವು ಒಂದು ಅಡ್ಡಗೀಟು ಎಳೆಯುತ್ತಿದ್ದುದಾಗಿ ಇವರು ಆಗ ನನಗೆ ಹೇಳಿದರು. ಪೆನ್ನು ಹಿಡಿದು ನನ್ನ ಮುಖ ನೋಡಿದರು.

"ಏನ್ ಬರೀಲಿ? ಜನವರಿ ಅನ್ನಲೇನು? ಗೌರಿ ಸಾಲಿ ಮುಗೀಲಿ ಅಂದ್ರ ಏಪ್ರಿಲ್?"

"ಗೌರಿನ್ನ ಇಳದ ಮರುದಿನಾನ ಹೋಗಿ ಕರಕೊಂಡ ಬರೂಣು. ದಿಲ್ಲ್ಯಾಗ ಸಾಲಿ ಇಲ್ಲೇನು?"

"ಆತು. ಮತ್ತ ನಿಂದು?"

"ನಾ ಈಗ ಎಲ್ಲಿ ಕುಂತೇನಿ?"

"ಇಲ್ಲೆ, ನನ್ನ ಮಗ್ಗಲಾಗ."

"ಹಂಗಾರ ಅದನ್ನ ಬರೀರಿ."

ಅವರು ದಪ್ಪ ಅಕ್ಷರಗಳಲ್ಲಿ ಬರೆದರು: ಈಗಾಗಲೇ ಇದೆ.